ಪ್ರಮಾದವೇ ಹಿಂಸೆ: ಸೂಕ್ಷ್ಮಜೀವಿ ಪ್ರಯೋಗಶಾಲೆಯ ಪಾಠವೂ ಶ್ರಾವಕರ ಹೊಣೆಯೂ

ನೀರು ಸೋಸುವ ಕ್ರಮವನ್ನು ಶ್ರಾವಕರ ಮನೆಯ ಯಾವ ಮಗುವೂ ಪುಸ್ತಕದಿಂದ ಕಲಿತದ್ದಿಲ್ಲ. ಎರಡು ಪದರವಾಗಿ ಮಡಿಸಿದ ದಪ್ಪ ಬಟ್ಟೆ, ಕೊಡದ ಬಾಯಿಗಿಂತ ಅಗಲವಾದ ಅದರ ಅಳತೆ, ಅವಸರವಿಲ್ಲದೆ ಸುರಿಯುವ ಕೈ, ಬಟ್ಟೆಯಲ್ಲಿ ಉಳಿದುದನ್ನು ಹಿಂಡದೆ ಸೋಸಿದ ನೀರಿನಿಂದಲೇ ತೊಳೆದು ಅದೇ ಬಾವಿಗೆ ಮರಳಿಸುವ ಎಚ್ಚರ, ಇವೆಲ್ಲವೂ ಅಜ್ಜಿಯ ಕೈಯಿಂದ ತಾಯಿಯ ಕೈಗೆ, ತಾಯಿಯ ಕೈಯಿಂದ ಮಕ್ಕಳ ಕೈಗೆ ಬಂದ ವಿದ್ಯೆ. ನೀರನ್ನು ಸೋಸಿ ಕುಡಿಯಬೇಕೆಂದು ನೂರು ಸಲ ಬರೆದ ಮಗುವಿಗೆ ನೀರು ಸೋಸಲು ಬರುವುದಿಲ್ಲ. ಒಮ್ಮೆ ಹಿರಿಯರ ಕಣ್ಣೆದುರು ಸೋಸಿ, ತಪ್ಪಿ, ತಿದ್ದಿಸಿಕೊಂಡ ಮಗುವಿಗೆ ಬರುತ್ತದೆ. ಆಚಾರವೆಂಬುದು ನಾಲಗೆಯ ವಿಷಯವಲ್ಲ, ಕೈಯ ವಿಷಯ ಎಂಬುದನ್ನು ಜೈನ ಸಮಾಜಕ್ಕೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಆದರೆ ಇದೇ ಸಮಾಜದ ವಿಶ್ವಸ್ತ ಮಂಡಳಿಗಳು ಇಂದು ಆಸ್ಪತ್ರೆ, ಶುಶ್ರೂಷಾ ವಿದ್ಯಾಲಯ, ಪ್ರಯೋಗಶಾಲಾ ತಂತ್ರಜ್ಞರ ತರಬೇತಿ ಕೇಂದ್ರಗಳಿಗೆ ಧನಸಹಾಯ ನೀಡುತ್ತಿರುವಾಗ, ಕೆಲವೆಡೆ ಅವನ್ನು ತಾವೇ ನಡೆಸುತ್ತಿರುವಾಗ, ಈ ತಿಳಿವಳಿಕೆ ಎಲ್ಲಿ ಹೋಗುತ್ತದೆ ಎಂಬುದು ವಿಚಾರಾರ್ಹವಾಗಿದೆ. ರೋಗಿಯ ಕಫ, ಮೂತ್ರ, ರಕ್ತ, ಕೀವುಗಳಿಂದ ರೋಗಾಣುವನ್ನು ಬೇರ್ಪಡಿಸಿ ಗುರುತಿಸುವ ವೈದ್ಯಕೀಯ ಸೂಕ್ಷ್ಮಜೀವಶಾಸ್ತ್ರದ ಪ್ರಾಥಮಿಕ ಪಾಠ ನಮ್ಮ ನಾಡಿನ ಅನೇಕ ತರಬೇತಿ ಕೇಂದ್ರಗಳಲ್ಲಿ ಹೇಗೆ ನಡೆಯುತ್ತದೆ? ಶಿಕ್ಷಕರೊಬ್ಬರು ಮೇಜಿನ ಬಳಿ ನಿಂತು ಒಮ್ಮೆ ಮಾಡಿ ತೋರಿಸುತ್ತಾರೆ. ಮುಂದಿನ ಎರಡು ಸಾಲಿನವರು ನೋಡುತ್ತಾರೆ, ಹಿಂದಿನವರು ಮುಂದಿನವರ ಬೆನ್ನು ನೋಡುತ್ತಾರೆ. ಅನಂತರ ಎಲ್ಲರೂ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿ, ನೇರಳೆ ಮತ್ತು ಗುಲಾಬಿ ಬಣ್ಣದ ಪೆನ್ಸಿಲಿನಿಂದ ತಾವು ನೋಡದ ಜೀವಾಣುಗಳ ಚಿತ್ರ ಬರೆದು, ಸಹಿ ಹಾಕಿಸಿಕೊಳ್ಳುತ್ತಾರೆ. ಪರೀಕ್ಷೆಯ ದಿನ ಸೂಕ್ಷ್ಮದರ್ಶಕದ ಕೆಳಗೆ ಮೊದಲೇ ಇರಿಸಿದ ಸ್ಲೈಡಿನ ಹೆಸರು ಹೇಳಿದರೆ ಉತ್ತೀರ್ಣತೆ. ಮುಂದೆ ಅದೇ ಕೈ ಆಸ್ಪತ್ರೆಯಲ್ಲಿ ರೋಗಿಯ ಕಫವನ್ನು ಮುಟ್ಟುತ್ತದೆ.

ಇದು ಶಿಕ್ಷಣದ ದೋಷ ಮಾತ್ರವಲ್ಲ. ಜೈನಾಚಾರದ ಅರ್ಥದಲ್ಲಿಯೇ ಇದು ಹಿಂಸೆ. ಇಂಥ ಶಿಕ್ಷಣಕ್ಕೆ ಹಣ ಕೊಡುವವರು ಆ ಹಿಂಸೆಯ ಅನುಮೋದಕರು. ಮಾತು ಕಠೋರವೆನಿಸಬಹುದು, ಆದರೆ ಅದಕ್ಕೆ ಆಧಾರವಿದೆ.

ಕೈ ತಪ್ಪಿದರೆ ಏನಾಗುತ್ತದೆ?

ಪ್ರಯೋಗಶಾಲೆಯ ತಂತ್ರವೆಂದರೆ ಸಣ್ಣಸಣ್ಣ ಕೆಲಸಗಳ ಸರಣಿ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವರ್ಣಲೇಪನ ಕ್ರಮವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂದು ರೂಢಿಯಲ್ಲಿರುವ ರೀತಿಯಲ್ಲಿ ಗಾಜುಪಟ್ಟಿಯ ಮೇಲೆ ತೆಳುವಾಗಿ ಹರಡಿ ಒಣಗಿಸಿದ ಮಾದರಿಗೆ ಮೊದಲು ಕ್ರಿಸ್ಟಲ್ ವಯೊಲೆಟ್, ಬಳಿಕ ಅಯೋಡಿನ್ ದ್ರಾವಣ, ಆಮೇಲೆ ಬಣ್ಣ ತೊಳೆಯುವ ಆಲ್ಕೋಹಾಲ್ ಅಥವಾ ಅಸಿಟೋನ್, ಕೊನೆಗೆ ಸಾಫ್ರನಿನ್. ಉಳಿದ ಹಂತಗಳಲ್ಲಿ ಅರ್ಧ ನಿಮಿಷ ಹೆಚ್ಚುಕಡಿಮೆಯಾದರೂ ನಡೆದೀತು. ಬಣ್ಣ ತೊಳೆಯುವ ಹಂತ ಮಾತ್ರ ಕೆಲವೇ ಕ್ಷಣಗಳ ಕೆಲಸ. ಕೈ ತಡೆದು ನಿಂತರೆ ನೇರಳೆಯಾಗಿ ಉಳಿಯಬೇಕಾದ ಜೀವಾಣು ಗುಲಾಬಿಯಾಗಿ ತೋರುತ್ತದೆ. ಲೇಪನ ದಪ್ಪವಾಗಿದ್ದರೆ ಗುಲಾಬಿಯಾಗಬೇಕಾದುದು ನೇರಳೆಯಾಗಿಯೇ ಉಳಿಯುತ್ತದೆ. ಮೆದುಳುಪೊರೆಯ ಉರಿಯೂತದಿಂದ ಪ್ರಜ್ಞೆ ತಪ್ಪಿದ ಮಗುವಿನ ಬೆನ್ನುಹುರಿಯ ದ್ರವದಲ್ಲಿ ಇಂಥ ತಪ್ಪಾದರೆ, ವೈದ್ಯರು ಮೊದಲ ಗಂಟೆಗಳಲ್ಲಿ ಕೊಡುವ ಔಷಧದ ಆಯ್ಕೆಯೇ ದಾರಿ ತಪ್ಪಬಹುದು. ಆ ಕ್ಷಣದ ಅಳತೆ ಯಾವ ರೆಕಾರ್ಡ್ ಪುಸ್ತಕದಿಂದಲೂ ಕೈಗೆ ಬರುವುದಿಲ್ಲ. ಪಟ್ಟಿಯಿಂದ ಇಳಿಯುವ ಹನಿಯ ಬಣ್ಣ ತಿಳಿಯಾಗುವುದನ್ನು ಹತ್ತಾರು ಸಲ ಕಂಡ ಕಣ್ಣಿಗಷ್ಟೇ ಅದು ತಿಳಿಯುತ್ತದೆ.

ಮೂತ್ರದ ಕಲ್ಚರ್ ಇನ್ನೂ ಸಾಮಾನ್ಯವಾದ ಪರೀಕ್ಷೆ. ಒಂದು ಮಿಲಿಲೀಟರ್ ಮೂತ್ರದಲ್ಲಿ 1,00,000 ಜೀವಾಣುಗಳಿದ್ದರೆ ಅದು ಬಹುಮಟ್ಟಿಗೆ ನಿಜವಾದ ಸೋಂಕು ಎಂಬ ಗಣನೆ 1950ರ ದಶಕದಿಂದ ಬಳಕೆಯಲ್ಲಿದೆ. ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗವನ್ನು ಮಾತ್ರ ಎತ್ತುವ ಲೂಪಿನಿಂದ ತಟ್ಟೆಯ ಮೇಲೆ ಎಳೆದಾಗ ಮರುದಿನ 100 ಗುಂಪುಗಳು ಬೆಳೆದಿದ್ದರೆ ಆ ಲೆಕ್ಕ ಮುಟ್ಟಿತು. ಲೂಪನ್ನು ದ್ರವದಲ್ಲಿ ನೆಟ್ಟಗೆ ಅದ್ದದೆ ಓರೆಯಾಗಿ ಅದ್ದಿದರೆ ಅಳತೆ ಕೆಡುತ್ತದೆ. ಮಾದರಿಯನ್ನು ಎರಡು ಗಂಟೆಯೊಳಗೆ ತಟ್ಟೆಗೆ ಹಾಕದೆ, ಶೀತಕದಲ್ಲಿಯೂ ಇಡದೆ, ಮೇಜಿನ ಮೇಲೆ ಬಿಟ್ಟರೆ ಅನುಕೂಲ ಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಸಬಲ್ಲ ಜೀವಾಣುಗಳು ಸುಳ್ಳು ಲೆಕ್ಕವನ್ನು ಸೃಷ್ಟಿಸುತ್ತವೆ. ಸೋಂಕೇ ಇಲ್ಲದ ಗರ್ಭಿಣಿಗೆ ಸೋಂಕಿದೆಯೆಂಬ ವರದಿ ಹೋಗುತ್ತದೆ, ಬೇಡದ ಔಷಧವನ್ನು ಆಕೆ ನುಂಗುತ್ತಾಳೆ.

ಯಾವ ಔಷಧ ನಾಟುತ್ತದೆ ಎಂಬುದನ್ನು ತಿಳಿಸುವ ಪರೀಕ್ಷೆಯೂ ಹೀಗೆಯೇ. 1966ರಲ್ಲಿ ಬಾವರ್, ಕರ್ಬಿ ಮತ್ತು ಅವರ ಸಹೋದ್ಯೋಗಿಗಳು ಏಕರೂಪಕ್ಕೆ ತಂದ ಈ ಕ್ರಮದಲ್ಲಿ ಔಷಧ ತುಂಬಿದ ಕಾಗದದ ಬಿಲ್ಲೆಗಳನ್ನು ಜೀವಾಣು ಹರಡಿದ ತಟ್ಟೆಯ ಮೇಲಿಟ್ಟು, ಸುತ್ತಲೂ ಬೆಳವಣಿಗೆಯಿಲ್ಲದ ವಲಯವನ್ನು ಮರುದಿನ ಅಳೆಯುತ್ತಾರೆ. ತಟ್ಟೆಯ ಮಾಧ್ಯಮ 4 ಮಿಲಿಮೀಟರ್ ದಪ್ಪವಿರಬೇಕು. ಹರಡುವ ದ್ರವದ ಮಬ್ಬು ನಿಗದಿತ ಮಾನಕಕ್ಕೆ ಸರಿಹೊಂದಬೇಕು. ಮಾಧ್ಯಮ ತೆಳುವಾದರೆ ಅಥವಾ ಜೀವಾಣು ಕಡಿಮೆಯಾದರೆ ವಲಯ ಹಿಗ್ಗಿ, ನಾಟದ ಔಷಧವೂ ನಾಟುತ್ತದೆಂದು ತೋರುತ್ತದೆ. ಜೀವಾಣು ಹೆಚ್ಚಾದರೆ ವಲಯ ಕುಗ್ಗಿ, ನಾಟುವ ಅಗ್ಗದ ಔಷಧವನ್ನು ಬಿಟ್ಟು ತೀವ್ರವಾದ ದುಬಾರಿ ಔಷಧವನ್ನು ವೈದ್ಯರು ಬರೆಯುತ್ತಾರೆ. 2019ರಲ್ಲಿ ಔಷಧಕ್ಕೆ ಬಗ್ಗದ ಜೀವಾಣುಗಳಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಮೃತರಾದರೆಂದು ಪ್ರತಿಷ್ಠಿತ ಅಂತರರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಆ ವಿಪತ್ತಿಗೆ ಕಾರಣಗಳು ಹಲವು, ಕೈ ಬಾರದ ಪ್ರಯೋಗಶಾಲೆಯ ತಪ್ಪು ವರದಿಯೂ ಅವುಗಳಲ್ಲೊಂದು.

‘ಜೀವಹತ್ಯೆಯ ವಿದ್ಯೆ ಬೇಡ’ ಎಂಬ ಆಕ್ಷೇಪ

ಇಲ್ಲಿ ಸಮಾಜದೊಳಗಿನಿಂದಲೇ ಒಂದು ಆಕ್ಷೇಪ ಬರುತ್ತದೆ. ಜೀವಾಣುಗಳೂ ಜೀವಗಳಲ್ಲವೆ? ಅವನ್ನು ಬೆಳೆಸಿ, ಬೆಂಕಿಯಲ್ಲಿ ಸುಟ್ಟು, ಒತ್ತಡದ ಉಗಿಯಲ್ಲಿ ಕೊಲ್ಲುವ ವಿದ್ಯೆಯನ್ನು ಶ್ರಾವಕರ ಮಕ್ಕಳು ಕಲಿಯಬೇಕೆ? ಕಲಿಯಲೇಬೇಕಾದರೆ ಪುಸ್ತಕದಿಂದ ಕಲಿತರೆ ಸಾಲದೆ? ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಕಣ್ಣಿಗೆ ಕಾಣದ ಜೀವರಾಶಿ ಲೋಕವನ್ನು ತುಂಬಿದೆಯೆಂದು ಸೂಕ್ಷ್ಮದರ್ಶಕ ಹುಟ್ಟುವುದಕ್ಕೆ ಬಹು ಮೊದಲೇ ಸಾರಿದ ಪರಂಪರೆಯಿದು. ಏಕೇಂದ್ರಿಯ ಜೀವಗಳಿಗೂ ಅಲ್ಲಿ ಲೆಕ್ಕವಿದೆ. ಇಂದಿನ ವಿಜ್ಞಾನದ ಬ್ಯಾಕ್ಟೀರಿಯಾ ಆಗಮೋಕ್ತ ನಿಗೋದಗಳೇ ಅಥವಾ ಬೇರೆಯೇ ಎಂಬ ಚರ್ಚೆ ವಿದ್ವಾಂಸರಿಗೆ ಬಿಟ್ಟದ್ದು. ಅವು ಜೀವಗಳೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ.

ಆದರೆ ಹಿಂಸೆಯ ಲಕ್ಷಣವನ್ನು ಆಚಾರ್ಯರು ಹೇಗೆ ಹೇಳಿದ್ದಾರೆ ಎಂಬುದನ್ನು ಆಕ್ಷೇಪಕರು ಮರೆಯುತ್ತಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣಕ್ಕೆ ಪ್ರಾಣಹರಣ ಎಂದಷ್ಟೇ ಹೇಳಿ ನಿಲ್ಲಿಸಿಲ್ಲ, ಪ್ರಮಾದಯೋಗವನ್ನು ಅದರ ಕಾರಣವಾಗಿ ಮುಂದಿಟ್ಟಿದ್ದಾರೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ಇದನ್ನೇ ವಿಸ್ತರಿಸಿ, ಯತ್ನಾಚಾರದಿಂದ ನಡೆಯುವವನಿಗೆ ಕೇವಲ ಪ್ರಾಣವಿಯೋಗದಿಂದ ಹಿಂಸೆ ತಗಲದೆಂದೂ, ಪ್ರಮತ್ತನಿಗೆ ಜೀವ ಸತ್ತರೂ ಸಾಯದಿದ್ದರೂ ಹಿಂಸೆ ತಪ್ಪದೆಂದೂ ಪ್ರತಿಪಾದಿಸುತ್ತದೆ. ಗೃಹಸ್ಥನಿಗೆ ವಿಧಿಸಿರುವುದು ಸಂಕಲ್ಪೀ ಹಿಂಸೆಯ ಪೂರ್ಣತ್ಯಾಗ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳಲ್ಲಿ ಆದಷ್ಟು ಸಂಕೋಚ ಮತ್ತು ಎಚ್ಚರ. ರೋಗಿಯ ಪ್ರಾಣರಕ್ಷಣೆಗಾಗಿ ಎಚ್ಚರದಿಂದ ಮಾಡುವ ಪರೀಕ್ಷೆ ಸಂಕಲ್ಪೀ ಹಿಂಸೆಯಾಗದು. ಎಚ್ಚರವನ್ನೇ ಕಲಿಸದೆ ಮಾಡಿಸುವ ಪರೀಕ್ಷೆ ಪ್ರಮಾದವಲ್ಲದೆ ಮತ್ತೇನು?

ಸೂಕ್ಷ್ಮಜೀವಗಳ ಲೆಕ್ಕವನ್ನೇ ಹಿಡಿಯುವುದಾದರೂ ಆಕ್ಷೇಪ ನಿಲ್ಲುವುದಿಲ್ಲ. ಮನುಷ್ಯನ ದೇಹದಲ್ಲಿ, ಮುಖ್ಯವಾಗಿ ಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ನೆಲೆಸಿವೆಯೆಂದು 2016ರಲ್ಲಿ ಪ್ರಕಟವಾದ ಗಣನೆಯೊಂದು ಹೇಳುತ್ತದೆ. ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ, ಎಷ್ಟೋ ಉಪಕಾರಿ. ಒಂದು ಸುಳ್ಳು ವರದಿಯಿಂದ ಬೇಡದ ಪ್ರತಿಜೀವಕವನ್ನು ಏಳು ದಿನ ನುಂಗಿದ ದೇಹದಲ್ಲಿ ಇಂಥ ಜೀವಗಳೆಷ್ಟು ನಿಷ್ಕಾರಣವಾಗಿ ಅಳಿಯುತ್ತವೆ! ವಿದ್ಯಾರ್ಥಿಯೊಬ್ಬ ಇಡೀ ವರ್ಷ ಅಭ್ಯಾಸ ಮಾಡಿ ಸುಡುವ ಕೆಲವು ತಟ್ಟೆಗಳ ಜೀವಹಾನಿಯನ್ನು ತಪ್ಪಿಸಲು ಹೋಗಿ, ಅವನ ಕೈಯಿಂದ ಮೂವತ್ತು ವರ್ಷ ಹೊರಬೀಳುವ ತಪ್ಪು ವರದಿಗಳ ಹಾನಿಯನ್ನು ಒಪ್ಪಿಕೊಳ್ಳುವುದು ಅಹಿಂಸೆಯ ಗಣಿತವಲ್ಲ. ಸ್ವತಃ ಕಾಯಿಲೆಯಾದಾಗ ಅದೇ ಪ್ರಯೋಗಶಾಲೆಯ ವರದಿಯನ್ನು ನಂಬಿ ಔಷಧ ತೆಗೆದುಕೊಂಡು, ತನ್ನ ಮಗನಿಗೆ ಮಾತ್ರ ಆ ಕೆಲಸ ಪಾಪಕರವೆನ್ನುವುದು ಪಾಪವನ್ನು ಪರರ ಮೇಲೆ ಹೊರಿಸುವ ಜಾಣತನವಾದೀತು.

ಸಮಿತಿಗಳು ಮತ್ತು ಪ್ರಯೋಗಶಾಲೆ

ಎಚ್ಚರ ಕಲಿಸದ ಪಾಠ ಎಷ್ಟು ದೂರ ಹಾನಿ ಮಾಡಬಲ್ಲದೆಂಬುದಕ್ಕೆ ಅಮೆರಿಕದಲ್ಲಿ ನಡೆದ ಪ್ರಕರಣವೊಂದು ಸಾಕ್ಷಿ. 2010ರ ಆಗಸ್ಟ್ ತಿಂಗಳಿನಿಂದ 2011ರ ಜೂನ್‌ವರೆಗೆ ಅಲ್ಲಿನ 38 ರಾಜ್ಯಗಳಲ್ಲಿ 109 ಮಂದಿ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂ ಎಂಬ ಜೀವಾಣುವಿನ ಒಂದೇ ತಳಿಯಿಂದ ಅಸ್ವಸ್ಥರಾದರು, ಒಬ್ಬರು ಮೃತಪಟ್ಟರು. ರೋಗನಿಯಂತ್ರಣ ಕೇಂದ್ರದ ತನಿಖೆ ಕೊನೆಗೆ ಮುಟ್ಟಿದ್ದು ಸೂಕ್ಷ್ಮಜೀವಶಾಸ್ತ್ರದ ಬೋಧನಾ ಮತ್ತು ವೈದ್ಯಕೀಯ ಪ್ರಯೋಗಶಾಲೆಗಳನ್ನು. ಪಾಠಕ್ಕೆಂದು ಮಾರಾಟವಾಗುತ್ತಿದ್ದ ತಳಿಯೇ ರೋಗಿಗಳಲ್ಲಿ ಕಂಡುಬಂದಿತ್ತು. ಪ್ರಯೋಗಶಾಲೆಯ ಹೊಸ್ತಿಲನ್ನೇ ತುಳಿಯದ ಎಳೆಯ ಮಕ್ಕಳೂ ರೋಗಿಗಳಲ್ಲಿದ್ದರು. ಅಲ್ಲಿ ಕಲಿಯುವ, ದುಡಿಯುವ ಹಿರಿಯರ ಮನೆಯ ಮಕ್ಕಳವರು. ಪೆನ್ನು, ಪುಸ್ತಕ, ಚೀಲ, ಮೇಲಂಗಿ, ತೊಳೆಯದ ಕೈಗಳ ಮೂಲಕ ಜೀವಾಣು ಮನೆಗೆ ಬರಬಲ್ಲದು. 2014ರಲ್ಲಿ ಇದೇ ಬಗೆಯ ಪ್ರಕರಣದಲ್ಲಿ 41 ಮಂದಿ, 2017ರಲ್ಲಿ 24 ಮಂದಿ ಅಸ್ವಸ್ಥರಾದರು. ಅಮೆರಿಕದ ಸೂಕ್ಷ್ಮಜೀವಶಾಸ್ತ್ರ ಸಂಘವು 2012ರಲ್ಲಿ ಬೋಧನಾ ಪ್ರಯೋಗಶಾಲೆಗಳಿಗೆಂದೇ ಸುರಕ್ಷಾ ಸೂತ್ರಗಳನ್ನು ಹೊರಡಿಸಿತು. ಬರೆಯುವ ಪೆನ್ನು ಪುಸ್ತಕಗಳು ಹೊರಗೆ ಹೋಗಕೂಡದು, ಮೇಲಂಗಿ ಒಳಗೇ ಉಳಿಯಬೇಕು, ಹೊರಡುವಾಗ ಕೈ ತೊಳೆಯಬೇಕು, ಪಾಠಕ್ಕೆ ಆದಷ್ಟು ನಿರಪಾಯ ತಳಿಗಳನ್ನೇ ಬಳಸಬೇಕು ಎಂಬುದು ಇಂಥ ಸೂತ್ರಗಳ ಸಾರ. ಅಷ್ಟು ಸಾಧನಸಂಪನ್ನವಾದ ದೇಶದಲ್ಲಿ ಕೊರತೆಯಾದದ್ದು ಯಂತ್ರಗಳಲ್ಲ, ಕೈಯ ಎಚ್ಚರ.

ಈ ಸೂತ್ರಗಳನ್ನು ಓದುವ ಶ್ರಾವಕನಿಗೆ ಪಂಚಸಮಿತಿಗಳ ನೆನಪಾಗದೆ ಇರದು. ಮುನಿಗಳು ಕಮಂಡಲುವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಎತ್ತುವಾಗ, ಇಡುವಾಗ ನೋಡಿ, ಪಿಂಛಿಯಿಂದ ಸವರಿ, ಆಮೇಲೆ ಎತ್ತುತ್ತಾರೆ, ಇಡುತ್ತಾರೆ. ಇದು ಆದಾನನಿಕ್ಷೇಪಣ ಸಮಿತಿ. ಸೂಕ್ಷ್ಮಜೀವಿ ಪ್ರಯೋಗಶಾಲೆಯಲ್ಲಿ ಲೂಪನ್ನು ಎತ್ತುವ ಮೊದಲು ಕೆಂಪಗೆ ಕಾಯಿಸಿ, ತಣಿಸಿ, ಆಮೇಲೆ ಮುಟ್ಟಿಸಿ, ಮೇಜಿನ ಮೇಲೆ ಇಡುವ ಮೊದಲು ಮತ್ತೆ ಕಾಯಿಸುವುದು ಬೇರೆ ಯಾವ ಶಿಸ್ತು? ಮುನಿಗಳು ಮಲಮೂತ್ರಾದಿಗಳನ್ನು ಜಂತುರಹಿತ ನೆಲವನ್ನು ನೋಡಿಯೇ ವಿಸರ್ಜಿಸುತ್ತಾರೆ. ಇದು ಉತ್ಸರ್ಗ ಸಮಿತಿ. ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಪ್ರಯೋಗಶಾಲೆಯ ಕಲ್ಚರ್ ಮತ್ತು ರಕ್ತದ ಮಾದರಿಗಳನ್ನು ಹುಟ್ಟಿದ ಸ್ಥಳದಲ್ಲಿಯೇ ನಿರ್ವಿಷಗೊಳಿಸಿ ಆಮೇಲೆ ಹೊರಗೆ ಕಳುಹಿಸಬೇಕೆನ್ನುತ್ತವೆ. ಜೀವಂತ ಕಲ್ಚರನ್ನು ಬಚ್ಚಲಿಗೆ ಸುರಿದು ಚರಂಡಿಗೆ ಬಿಡುವ ವಿದ್ಯಾರ್ಥಿ ಆ ನಿಯಮವನ್ನೂ ಮುರಿಯುತ್ತಾನೆ, ಆ ಸಮಿತಿಯ ಆಶಯವನ್ನೂ ಮುರಿಯುತ್ತಾನೆ. ಯತಿಧರ್ಮದ ಮಹಾಶಿಸ್ತನ್ನು ಗೃಹಸ್ಥನ ಕಸುಬಿನೊಂದಿಗೆ ಸಮೀಕರಿಸುವುದು ಇಲ್ಲಿನ ಉದ್ದೇಶವಲ್ಲ. ಎಚ್ಚರದ ಮನೋಧರ್ಮ ಎರಡರಲ್ಲಿಯೂ ಒಂದೇ ಎಂಬುದಷ್ಟೇ ಇಲ್ಲಿನ ಮಾತು. ಈ ವಿದ್ಯೆ ಬೇರೆಯವರಿಗಿಂತ ಜೈನ ಸಂಸ್ಥೆಗಳಲ್ಲಿ ಉತ್ತಮವಾಗಿ ನಡೆಯಬೇಕಿತ್ತು.

ನಿಜವಾದ ಕಹಿ

ಆಕ್ಷೇಪಗಳಲ್ಲಿ ಒಂದು ಮಾತ್ರ ಸುಲಭವಾಗಿ ಕರಗುವಂಥದಲ್ಲ. ಜೀವಾಣುಗಳನ್ನು ಬೆಳೆಸುವ ಮಾಧ್ಯಮಗಳಲ್ಲಿ ಮಾಂಸಜನ್ಯ ಪೆಪ್ಟೋನ್ ಇರುತ್ತದೆ. ಔಷಧ ಪರೀಕ್ಷೆಯ ಮ್ಯುಲರ್ ಹಿಂಟನ್ ಮಾಧ್ಯಮದಲ್ಲಿ ಗೋಮಾಂಸದ ಸಾರವೇ ಇದೆ. ಬ್ಲಡ್ ಅಗರ್ ತಟ್ಟೆಗೆ ಕುರಿಯ ರಕ್ತ ಬೇಕು. ಇದನ್ನು ಮುಚ್ಚಿಟ್ಟು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ಸತ್ಯವ್ರತಕ್ಕೆ ವಿರುದ್ಧ. ಜೈನ ಕುಟುಂಬದ ಹುಡುಗಿಯೊಬ್ಬಳು ಇದನ್ನು ತಿಳಿದು ಹಿಂಜರಿದರೆ ಆಕೆಯನ್ನು ಗೇಲಿ ಮಾಡುವ ಅಧಿಕಾರ ಯಾರಿಗೂ ಇಲ್ಲ.

ಆದರೂ ಇಲ್ಲಿ ವಿವೇಕಕ್ಕೆ ದಾರಿಯಿದೆ. ಮೊದಮೊದಲು ಕಾಖ್‌ರ ಪ್ರಯೋಗಶಾಲೆಯಲ್ಲಿ ಮಾಧ್ಯಮವನ್ನು ಗಟ್ಟಿಗೊಳಿಸಲು ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ಜೆಲಾಟಿನ್ ಬಳಸುತ್ತಿದ್ದರು. ದೇಹದ ಉಷ್ಣತೆಯಲ್ಲಿ ಅದು ಕರಗಿಹೋಗುತ್ತಿತ್ತು. ಅಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ತಮ್ಮ ಅಡುಗೆಮನೆಯಲ್ಲಿ ಬಳಸುತ್ತಿದ್ದ ಕಡಲಪಾಚಿಯ ಅಗರನ್ನು 1881ರ ಸುಮಾರಿಗೆ ಸೂಚಿಸಿದರು. ಇಂದು ಜಗತ್ತಿನ ಎಲ್ಲ ಪ್ರಯೋಗಶಾಲೆಗಳ ತಟ್ಟೆಗಳಲ್ಲಿರುವುದು ಅದೇ. ಪ್ರಾಣಿಜನ್ಯ ವಸ್ತುವೊಂದು ಗೃಹಿಣಿಯೊಬ್ಬರ ತಿಳಿವಳಿಕೆಯಿಂದ ಹೊರಹೋದ ಈ ನಿದರ್ಶನ ಜೈನ ವಿದ್ಯಾರ್ಥಿಗಳಿಗೆ ಉತ್ಸಾಹ ಕೊಡುವಂಥದು. ಸೋಯಾ ಮೊದಲಾದ ಸಸ್ಯಮೂಲದ ಪೆಪ್ಟೋನ್‌ಗಳು ಮಾರುಕಟ್ಟೆಯಲ್ಲಿವೆ. ಲೂಪು ಹಿಡಿಯುವುದು, ತಟ್ಟೆಯ ಮೇಲೆ ಎಳೆದು ಜೀವಾಣುಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸುವುದು ಮೊದಲಾದ ಆರಂಭದ ಅಭ್ಯಾಸಗಳಿಗೆ ಅವು ಧಾರಾಳವಾಗಿ ಸಾಕು. ಗ್ರಾಂ ಲೇಪನದ ಮೊದಲ ಪಾಠಕ್ಕೆ ಮನೆಯ ಮೊಸರೇ ಸಾಕು. ಅದರ ನಿರಪಾಯ ಜೀವಾಣುಗಳು ಸರಿಯಾದ ಕೈಯಲ್ಲಿ ಸ್ಪಷ್ಟವಾಗಿ ನೇರಳೆಯಾಗಿ ಕಾಣುತ್ತವೆ, ತಪ್ಪು ಕೈಯಲ್ಲಿ ಗುಲಾಬಿಯಾಗುತ್ತವೆ. ಕೈಯ ದೋಷವನ್ನು ತೋರಿಸಲು ಇದಕ್ಕಿಂತ ಅಗ್ಗದ, ಅಹಿಂಸಾತ್ಮಕವಾದ ಪಾಠವಿಲ್ಲ.

ರಕ್ತದ ವಿಷಯದಲ್ಲಿ ಮಾತ್ರ ಸುಳ್ಳು ಸಮಾಧಾನ ಬೇಡ. ಕುರಿಯನ್ನು ಕೊಲ್ಲದೆ ಕುತ್ತಿಗೆಯ ರಕ್ತನಾಳದಿಂದ ಸ್ವಲ್ಪ ರಕ್ತ ತೆಗೆಯಬಹುದು. ಅದನ್ನು ಹಾಗೆಯೇ, ಪಶುವೈದ್ಯರ ನಿಗಾದಲ್ಲಿ ಪಡೆಯಲಾಗಿದೆಯೇ ಎಂದು ಕೇಳುವ ಹಕ್ಕು ಕೊಳ್ಳುವ ಸಂಸ್ಥೆಗಿದೆ. ಕುರಿಯ ಗೋಜೇ ಬೇಡವೆಂದು ರಕ್ತನಿಧಿಯ ಅವಧಿ ಮೀರಿದ ಮಾನವ ರಕ್ತವನ್ನು ತಟ್ಟೆಗೆ ಹಾಕುವ ರೂಢಿ ಕೆಲವೆಡೆ ಇದೆ. ಆ ರಕ್ತದಲ್ಲಿರುವ ಸಿಟ್ರೇಟ್, ಪ್ರತಿಕಾಯಗಳು ಮತ್ತು ಔಷಧದ ಅಂಶಗಳು ಜೀವಾಣುವಿನ ಬೆಳವಣಿಗೆಯನ್ನು ಕೆಡಿಸಬಲ್ಲವು, ಕೆಲಸ ಮಾಡುವವರಿಗೆ ಸೋಂಕಿನ ಭಯವೂ ಉಂಟು. ಒಂದು ಹಿಂಸೆಯನ್ನು ತಪ್ಪಿಸುವ ನೆಪದಲ್ಲಿ ಇನ್ನೊಂದಕ್ಕೆ ಬಾಗಿಲು ತೆರೆಯುವುದು ಯತ್ನಾಚಾರವಲ್ಲ. ರೋಗಿಗಾಗಿ ಮಾಡುವ ಮಾನಕ ಪರೀಕ್ಷೆಯ ಮಾಧ್ಯಮವನ್ನು ಯಾವ ಸಂಸ್ಥೆಯೂ ಮನಬಂದಂತೆ ಬದಲಿಸಲಾಗದು, ಬದಲಿಸಿದರೆ ಅಳತೆಯೇ ಸುಳ್ಳಾಗುತ್ತದೆ. ಅಲ್ಲಿ ಉಳಿಯುವ ಒಂದೇ ಧರ್ಮವೆಂದರೆ ಒಂದು ತಟ್ಟೆಯೂ ವ್ಯರ್ಥವಾಗದಂತೆ ನೋಡಿಕೊಳ್ಳುವುದು. ಕೈ ಬಾರದವನು ಒಂದು ಪರೀಕ್ಷೆಗೆ ಮೂರು ತಟ್ಟೆ ಕೆಡಿಸುತ್ತಾನೆ. ಕೈ ಬಂದವನಿಗೆ ಒಂದು ಸಾಕು. ಮಾಧ್ಯಮದಲ್ಲಿ ಪ್ರಾಣಿಯ ಅಂಶವಿದೆ ಎಂಬ ದುಃಖವು ಪ್ರಾಯೋಗಿಕ ಪಾಠವನ್ನು ಬಿಡಲು ಕಾರಣವಾಗದು, ಅದನ್ನು ಇನ್ನಷ್ಟು ಚೆನ್ನಾಗಿ ಕಲಿಸಲು ಕಾರಣವಾಗಬೇಕು.

‘ಯಂತ್ರವಿರುವಾಗ ಕೈ ಏಕೆ?’

ಇನ್ನು ಕೆಲವರು ಆಧುನಿಕರ ಹೆಸರಿನಲ್ಲಿ ವಾದಿಸುತ್ತಾರೆ. ಜೀವಾಣುವನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸುವ, ಔಷಧದ ಪರೀಕ್ಷೆಯನ್ನು ತಾನೇ ನಡೆಸುವ ಯಂತ್ರಗಳು ಬಂದಿವೆ. ಪಾಠಕ್ಕೆ ವಿಡಿಯೋಗಳಿವೆ. 2020 ಮತ್ತು 2021ರ ಸಾಂಕ್ರಾಮಿಕದ ತಿಂಗಳುಗಳಲ್ಲಿ ವಿದ್ಯಾರ್ಥಿಗಳು ಪ್ರಾಯೋಗಿಕ ಪಾಠವನ್ನು ಪರದೆಯ ಮೇಲೆಯೇ ನೋಡಿ ಮುಂದಿನ ತರಗತಿಗೆ ಹೋಗಲಿಲ್ಲವೆ? ಹೋದರು ನಿಜ. ಆದರೆ ಆಪತ್ಕಾಲದ ವ್ಯವಸ್ಥೆಯನ್ನು ನಿತ್ಯಧರ್ಮವಾಗಿಸುವುದು ಸಲ್ಲದು. ವಿಡಿಯೋ ಪಾಠಕ್ಕೆ ಪೂರ್ವಸಿದ್ಧತೆಯಾಗಿ ಉಪಯುಕ್ತ, ಪಾಠಕ್ಕೆ ಬದಲಿಯಾಗಿ ನಿರುಪಯುಕ್ತ. ಯಂತ್ರಗಳ ಮಾತೂ ಅಷ್ಟೆ. ಕಲ್ಚರಿನಿಂದ ಜೀವಾಣುವನ್ನು ಗುರುತಿಸುವ ಯಂತ್ರಕ್ಕೆ ಬೆರಕೆಯಿಲ್ಲದ, ಬಿಡಿಯಾಗಿ ಬೆಳೆದ ಜೀವಾಣುಗುಂಪು ಬೇಕು. ಅದನ್ನು ಒದಗಿಸುವುದು ಲೂಪು ಹಿಡಿದ ಕೈ. ಕ್ಷಯರೋಗದ ಪರೀಕ್ಷೆಗೆ ಕಫವನ್ನು ನೇರವಾಗಿ ಸ್ವೀಕರಿಸುವ ಯಂತ್ರಗಳಿವೆ. ಆದರೆ ರೋಗಿಯು ಕಫದ ಬದಲು ಉಗುಳನ್ನು ಕೊಟ್ಟಿದ್ದಾನೆಂಬುದನ್ನು ಕಂಡು, ಆತನಿಗೆ ತಿಳಿಹೇಳಿ, ಮತ್ತೊಂದು ಮಾದರಿ ಪಡೆಯಬೇಕಾದವನು ಮನುಷ್ಯನೇ. ಕಸವನ್ನು ಕೊಟ್ಟರೆ ಯಂತ್ರವು ಅಚ್ಚುಕಟ್ಟಾಗಿ ಮುದ್ರಿಸಿದ ಕಸವನ್ನೇ ಹಿಂದಿರುಗಿಸುತ್ತದೆ. ಮುದ್ರಿತ ವರದಿಯನ್ನು ಜನ ಹೆಚ್ಚು ನಂಬುವುದರಿಂದ ಅಪಾಯವೂ ಹೆಚ್ಚು.

ವೈದ್ಯಕೀಯ ಪದವಿಯ ಪಠ್ಯಕ್ರಮವೂ 2019ರಿಂದ ಸಾಮರ್ಥ್ಯಾಧಾರಿತವಾಗಿ ಮಾರ್ಪಟ್ಟು, ಗ್ರಾಂ ಲೇಪನ, ಕ್ಷಯಾಣುವಿನ ಲೇಪನ, ಕೈ ತೊಳೆಯುವ ಕ್ರಮ ಮೊದಲಾದವನ್ನು ವಿದ್ಯಾರ್ಥಿ ಸ್ವತಃ ಮಾಡಿ ತೋರಿಸಬೇಕೆನ್ನುತ್ತದೆ. ವೈದ್ಯನಾಗುವವನಿಗೆ ಇದು ಕಡ್ಡಾಯವಾದರೆ, ದಿನವಿಡೀ ಇದನ್ನೇ ಮಾಡಬೇಕಾದ ತಂತ್ರಜ್ಞನಿಗೆ ನಕಲು ಪುಸ್ತಕ ಸಾಕೆನ್ನುವುದು ಯಾವ ನ್ಯಾಯ?

ವಿಶ್ವಸ್ತ ಮಂಡಳಿಗಳ ಕರ್ತವ್ಯ

ಕೊನೆಯ ನೆಪ ಹಣದ್ದು. ಪ್ರತಿಯೊಬ್ಬ ವಿದ್ಯಾರ್ಥಿಗೂ ಪ್ರತ್ಯೇಕ ಲೂಪು, ತಟ್ಟೆ, ಬಣ್ಣ, ಸೂಕ್ಷ್ಮದರ್ಶಕ ಒದಗಿಸುವುದು ಹೊರೆಯೆನ್ನುತ್ತಾರೆ. ದಾನಿಗಳ ಹೆಸರು ಕೆತ್ತಿದ ಅಮೃತಶಿಲೆ, ಉದ್ಘಾಟನೆಯ ಮಂಟಪ, ಸ್ವಾಗತ ಕಮಾನುಗಳಿಗೆ ಈ ಹೊರೆ ಅನ್ವಯಿಸುವುದಿಲ್ಲವೆಂಬುದು ಆಶ್ಚರ್ಯಕರ. ಕಟ್ಟಡಕ್ಕೆ ದಾನಿಗಳು ದೊರೆಯುತ್ತಾರೆ, ವರ್ಷವರ್ಷವೂ ಮುಗಿಯುವ ಬಣ್ಣದ ಸೀಸೆಗೆ ದೊರೆಯುವುದಿಲ್ಲ, ಏಕೆಂದರೆ ಸೀಸೆಯ ಮೇಲೆ ಹೆಸರು ಕೆತ್ತಲು ಬರುವುದಿಲ್ಲ. ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ಕೊಂಡಾಡುವ ಸಮಾಜಕ್ಕೆ ಇದು ಶೋಭಿಸದು. ಕೈ ಬಲ್ಲ ತಂತ್ರಜ್ಞನನ್ನು ತಯಾರಿಸುವುದು ಶಾಸ್ತ್ರದಾನ. ಅವನ ಸರಿಯಾದ ವರದಿಯಿಂದ ರೋಗಿಗೆ ದೊರೆಯುವುದು ಔಷಧದಾನ. ಸೋಂಕು ಹರಡದಂತೆ ಅವನು ಕಾಯುವುದು ಅಭಯದಾನ.

ಹೀಗಿರುವಾಗ ಇಂಥ ಸಂಸ್ಥೆಗಳನ್ನು ನಡೆಸುವ, ಪೋಷಿಸುವ ಮಂಡಳಿಗಳು ಕೆಲವು ವಿಷಯಗಳಲ್ಲಿ ಹಠ ಹಿಡಿಯಬೇಕು. ಪ್ರಾಯೋಗಿಕ ತರಗತಿಯನ್ನು ಸಣ್ಣ ತಂಡಗಳಾಗಿ ಒಡೆದು, ಪ್ರತಿ ವಿದ್ಯಾರ್ಥಿಯೂ ಪ್ರತಿ ತಂತ್ರವನ್ನು ಶಿಕ್ಷಕರ ಕಣ್ಣೆದುರು ತಾನೇ ಮಾಡುವಂತಾಗಬೇಕು. ಒಮ್ಮೆ ಮಾಡಿದರೆ ಸಾಲದು, ಸರಿಬರುವವರೆಗೆ ಮಾಡಬೇಕು. ರೆಕಾರ್ಡ್ ಪುಸ್ತಕದ ಅಂದಕ್ಕೆ ಕೊಡುವ ಅಂಕಗಳನ್ನು ಕಡಿಮೆ ಮಾಡಿ, ಹೆಸರು ತಿಳಿಸದ ಮಾದರಿಯೊಂದನ್ನು ವಿದ್ಯಾರ್ಥಿಯ ಕೈಗಿತ್ತು, ಅವನೇ ಲೇಪಿಸಿ, ಬೆಳೆಸಿ, ಗುರುತಿಸಿ ಹೇಳುವ ಪರೀಕ್ಷೆಯನ್ನು ಆಂತರಿಕವಾಗಿಯಾದರೂ ನಡೆಸಬೇಕು. ಬಾಯಿಂದ ಪಿಪೆಟ್ ಎಳೆಯುವ ಹಳೆಯ ಚಾಳಿ ಎಲ್ಲಿಯಾದರೂ ಉಳಿದಿದ್ದರೆ ಆ ದಿನವೇ ನಿಲ್ಲಬೇಕು. ಪ್ರಯೋಗಶಾಲೆಯ ಬಾಗಿಲ ಬಳಿ ನೀರು ಬರುವ ನಲ್ಲಿ ಮತ್ತು ಸಾಬೂನು ಇರಬೇಕು. ರಕ್ತ ಮುಟ್ಟುವ ವಿದ್ಯಾರ್ಥಿಗಳಿಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಮೊದಲೇ ಹಾಕಿಸಬೇಕು. 121 ಡಿಗ್ರಿ ಉಷ್ಣತೆಯ ಒತ್ತಡದ ಉಗಿಯಲ್ಲಿ 15 ನಿಮಿಷ ಇಟ್ಟು ಶುದ್ಧಗೊಳಿಸುವ ಆಟೋಕ್ಲೇವ್ ನಿಜವಾಗಿಯೂ ಕೊಲ್ಲುತ್ತಿದೆಯೇ ಎಂಬುದನ್ನು ಸ್ಪೋರ್ ಪಟ್ಟಿಯಿಟ್ಟು ಕಾಲಕಾಲಕ್ಕೆ ಪರೀಕ್ಷಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಮೇಜಿನ ಬಳಿ ನಿಂತು ಕೈ ಹಿಡಿದು ತಿದ್ದುವ ಶಿಕ್ಷಕನಿಗೂ ತಟ್ಟೆ ತೊಳೆಯುವ ಸಹಾಯಕನಿಗೂ ಗೌರವಾರ್ಹ ವೇತನ ದೊರೆಯಬೇಕು. ಇಷ್ಟನ್ನು ಮಾಡಲಾಗದ ಮಂಡಳಿ ಅಂಥ ತರಬೇತಿಯನ್ನು ನಡೆಸದಿರುವುದೇ ಲೇಸು. ಅರೆಕಲಿತ ಕೈಗೆ ಪ್ರಮಾಣಪತ್ರ ಕೊಡುವುದಕ್ಕಿಂತ ಪ್ರಮಾಣಪತ್ರವನ್ನೇ ಕೊಡದಿರುವುದು ಕಡಿಮೆ ಹಿಂಸೆಯದು.

ತಂದೆತಾಯಿಗಳಿಗೂ ಇಲ್ಲಿ ಪಾಲಿದೆ. ಮಗ ಅಥವಾ ಮಗಳನ್ನು ಇಂಥ ವಿದ್ಯಾಲಯಕ್ಕೆ ಸೇರಿಸುವಾಗ ವಸತಿನಿಲಯದ ಊಟದಲ್ಲಿ ಕಂದಮೂಲಗಳಿವೆಯೇ, ರಾತ್ರಿಭೋಜನಕ್ಕೆ ಮೊದಲೇ ಊಟ ದೊರೆಯುತ್ತದೆಯೇ ಎಂದು ಅವರು ವಿಚಾರಿಸುತ್ತಾರೆ. ಅದು ಯೋಗ್ಯವೇ. ಅದರೊಂದಿಗೆ ಮತ್ತೊಂದನ್ನೂ ಕೇಳಬೇಕು: ಈ ವರ್ಷ ಇಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಕೈಯಾರೆ ಎಷ್ಟು ಸ್ಲೈಡು ಲೇಪಿಸುತ್ತಾನೆ? ಉತ್ತರ ಬಾರದಿದ್ದರೆ, ಊಟದ ಅಹಿಂಸೆ ಪಾಠದವರೆಗೆ ಬಂದಿಲ್ಲವೆಂದು ತಿಳಿಯಬೇಕು.

ಮಂಡಳಿಯ ಸದಸ್ಯರು ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಡಿಸುವ ಮುನ್ನ ಒಂದು ಮಧ್ಯಾಹ್ನ ಪ್ರಯೋಗಶಾಲೆಗೆ ಹೋಗಿ, ಹಿಂದಿನ ಸಾಲಿನಲ್ಲಿ ನಿಂತ ವಿದ್ಯಾರ್ಥಿಯನ್ನು ಕರೆದು, ಲೂಪನ್ನು ಕೈಗೆ ಕೊಟ್ಟು ಮಾಡಿ ತೋರಿಸಲು ಹೇಳಲಿ. ಅವನ ಕೈ ನಡುಗದೆ, ಮರೆಯದೆ, ಅವಸರಪಡದೆ ಕೆಲಸ ಮುಗಿಸಿ, ಲೂಪನ್ನು ಮತ್ತೆ ಕಾಯಿಸಿಟ್ಟು, ಕೈ ತೊಳೆದುಕೊಂಡು ಬಂದರೆ, ಸಮಾಜದ ದಾನ ಸಾರ್ಥಕವಾಗಿದೆ. ಅವನು ರೆಕಾರ್ಡ್ ಪುಸ್ತಕ ತರಲು ಓಡಿದರೆ, ಮುಂದಿನ ದಾನವನ್ನು ಮೊದಲು ಎಲ್ಲಿಗೆ ಕೊಡಬೇಕೆಂಬುದು ಸದಸ್ಯರಿಗೆ ಅಲ್ಲಿಯೇ ತಿಳಿದೀತು.